ಮಲಗುವ ಕೋಣೆಯಲ್ಲಿ ಬಯಲಾದ ನರಕೋಶಗಳ ಗುಟ್ಟು

ಹೇಂಟೆ ಕಾವಿಗೆ ಕೂತದ್ದನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಬುಟ್ಟಿಗೆ ಹುಲ್ಲು ಹಾಸಿ ಹತ್ತು ಹನ್ನೆರಡು ಮೊಟ್ಟೆ ಇಟ್ಟರೆ ಸಾಕು, ಹೇಂಟೆ ಅವುಗಳ ಮೇಲೆ ಮೈ ಹರಡಿ ಕೂತುಬಿಡುತ್ತದೆ. ಹತ್ತಿರ ಹೋದರೆ ಕುಕ್ಕಲು ಬರುತ್ತದೆ. ಸುಮಾರು 21 ದಿನಕ್ಕೆ ಮೊಟ್ಟೆ ಒಡೆದು ಮರಿ ಹೊರಗೆ ಬರುತ್ತದೆ. ಬಂದ ಕೆಲವೇ ಗಂಟೆಗಳಲ್ಲಿ ಅದು ನಡೆಯುತ್ತದೆ, ಕಾಳು ಕುಟುಕುತ್ತದೆ, ಕಾಗೆ ಬಂದರೆ ಓಡಿ ಅಮ್ಮನ ರೆಕ್ಕೆಯ ಕೆಳಗೆ ಅಡಗುತ್ತದೆ.

ಇದರಲ್ಲಿ ಒಂದು ಆಶ್ಚರ್ಯ ಅಡಗಿದೆ. ಕಾಲು ನಡೆಯಬೇಕಾದರೆ ಕಾಲಿನ ಸ್ನಾಯುಗಳಿಗೆ ಅಪ್ಪಣೆ ಬರಬೇಕು. ಅಪ್ಪಣೆ ತರುವುದು ನರ. ಆ ನರ ಮರಿಯ ಬೆನ್ನುಹುರಿಯಿಂದ ಹೊರಟು ಸರಿಯಾಗಿ ಕಾಲಿಗೇ ಹೋಗಿ ಸೇರಿರಬೇಕು. ಕಾಲಿಗೆ ಎಷ್ಟು ನರಕೋಶ ಬೇಕೋ ಅಷ್ಟೇ ಇರಬೇಕು. 21 ದಿನದ ಹಿಂದೆ ಆ ಮೊಟ್ಟೆಯೊಳಗೆ ಮೆದುಳೂ ಇರಲಿಲ್ಲ, ಬೆನ್ನುಹುರಿಯೂ ಇರಲಿಲ್ಲ, ಕಾಲೂ ಇರಲಿಲ್ಲ. ಹಾಗಾದರೆ ಈ ಲೆಕ್ಕವನ್ನು ಯಾರು ಹಾಕಿದರು?

ಈ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ಒಬ್ಬರು ಇಟಲಿಯ ವಿಜ್ಞಾನಿ ರೀಟಾ ಲೆವಿ-ಮೊಂಟಾಲ್ಚಿನಿ. ವಿಶ್ವವಿದ್ಯಾಲಯದಿಂದ ಹೊರಗೆ ಹಾಕಲ್ಪಟ್ಟು, ಮನೆಯ ಮಲಗುವ ಕೋಣೆಯಲ್ಲಿ ಕೂತು, ಕೋಳಿಮೊಟ್ಟೆಗಳಿಂದಲೇ ಅವರು ಉತ್ತರದ ಮೊದಲ ತುದಿಯನ್ನು ಹಿಡಿದರು. ಆ ಕತೆಗೆ ಹೋಗುವ ಮೊದಲು ಮೊಟ್ಟೆಯೊಳಗೆ ಏನು ನಡೆಯುತ್ತದೆ ನೋಡೋಣ.

ಹಾಳೆ ಕೊಳವೆಯಾಗುತ್ತದೆ

ಕಾವು ತಗುಲಿದ ಮೇಲೆ ಮೊಟ್ಟೆಯ ಹಳದಿ ಭಾಗದ ಮೇಲಿರುವ ಸಣ್ಣ ಬಿಳಿ ಚುಕ್ಕೆಯಲ್ಲಿ ಜೀವಕೋಶಗಳು ಒಡೆದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತವೆ. ಅವು ತೆಳುವಾದ ಹಾಳೆಯ ಹಾಗೆ ಹರಡಿಕೊಳ್ಳುತ್ತವೆ. ಆಮೇಲೆ ಆ ಹಾಳೆಯ ನಡುವೆ ಉದ್ದಕ್ಕೆ ಒಂದು ಕಾಲುವೆ ಮೂಡುತ್ತದೆ. ಕಾಲುವೆಯ ಎರಡು ದಂಡೆಗಳು ಮೇಲೆದ್ದು ಒಂದನ್ನೊಂದು ಕೂಡಿದಾಗ ಅದು ಕೊಳವೆಯಾಗುತ್ತದೆ. ಎರಡೂ ಅಂಗೈ ಚಾಚಿ, ಅಂಚುಗಳನ್ನು ಮೇಲಕ್ಕೆ ಮಡಿಸಿ ಕೂಡಿಸಿದರೆ ಹೇಗಿರುತ್ತದೋ ಹಾಗೆ. ಈ ಕೊಳವೆಯ ಮುಂದಿನ ತುದಿ ಉಬ್ಬಿ ಮೆದುಳಾಗುತ್ತದೆ. ಉಳಿದ ಭಾಗ ಬೆನ್ನುಹುರಿಯಾಗುತ್ತದೆ. ಕೋಳಿಯಲ್ಲಿ ಈ ಕೆಲಸ ಮೊದಲ ಎರಡು ದಿನಗಳಲ್ಲೇ ನಡೆದುಹೋಗುತ್ತದೆ. ಮನುಷ್ಯರಲ್ಲಿ ತಾಯಿಯ ಗರ್ಭದಲ್ಲಿ ಮೂರು ನಾಲ್ಕನೆಯ ವಾರ ನಡೆಯುತ್ತದೆ. ನಾವೆಲ್ಲರೂ ಒಂದು ಕಾಲದಲ್ಲಿ ಇಂಥ ಹಾಳೆಯಾಗಿದ್ದವರೇ!

ಈ ಕೊಳವೆಯ ಗೋಡೆಯಲ್ಲಿ ನರಕೋಶಗಳು ಹುಟ್ಟುತ್ತವೆ. ಕೆಲವು ಕೋಶಗಳು ಬೆನ್ನುಹುರಿಯ ಎರಡೂ ಪಕ್ಕದಲ್ಲಿ ಸಣ್ಣ ಗಂಟುಗಳಾಗಿ ಸೇರಿಕೊಳ್ಳುತ್ತವೆ. ಪ್ರತಿಯೊಂದು ನರಕೋಶವೂ ಒಂದು ಉದ್ದನೆಯ ತಂತುವನ್ನು ಹೊರಗೆ ಚಾಚುತ್ತದೆ. ಬೆನ್ನಿನಿಂದ ಹೊರಟು ಕಾಲಿನ ಬೆರಳಿನವರೆಗೆ ಹೋಗುವುದು ಈ ತಂತುವೇ. ದೊಡ್ಡವರ ದೇಹದಲ್ಲಿ ಇಂಥ ಒಂದೇ ತಂತು ಸುಮಾರು ಒಂದು ಮೀಟರ್ ಉದ್ದ ಇರಬಹುದು.

ಕೋಳಿಯ ಭ್ರೂಣದಲ್ಲಿ ಮೂರನೆಯ ದಿನ ಕಾಲು, ರೆಕ್ಕೆಗಳು ಪುಟ್ಟ ಮೊಗ್ಗುಗಳ ಹಾಗೆ ಮೂಡುತ್ತವೆ. 1930ರ ದಶಕದಲ್ಲಿ ವಿಕ್ಟರ್ ಹ್ಯಾಂಬರ್ಗರ್ ಎಂಬ ವಿಜ್ಞಾನಿ ಒಂದು ಪ್ರಯೋಗ ಮಾಡಿದರು. ಅವರು ಜರ್ಮನಿಯಿಂದ ಅಮೆರಿಕಕ್ಕೆ ಹೋಗಿ ನೆಲೆಸಿದವರು. ಮೊಟ್ಟೆಯ ಚಿಪ್ಪಿನಲ್ಲಿ ಕಿಟಕಿಯಂತೆ ಸಣ್ಣ ತೂತು ಮಾಡಿ, ಒಂದು ಪಕ್ಕದ ಮೊಗ್ಗನ್ನು ಕತ್ತರಿಸಿ ತೆಗೆದು, ತೂತನ್ನು ಮುಚ್ಚಿ ಮತ್ತೆ ಕಾವಿಗೆ ಇಟ್ಟರು. ಕೆಲವು ದಿನಗಳ ನಂತರ ನೋಡಿದರೆ, ಮೊಗ್ಗು ಇಲ್ಲದ ಪಕ್ಕದ ಬೆನ್ನುಹುರಿಯಲ್ಲೂ ಗಂಟುಗಳಲ್ಲೂ ನರಕೋಶಗಳು ತೀರ ಕಡಿಮೆ ಇದ್ದವು. ಕಾಲಿನಿಂದ ಏನೋ ಸೂಚನೆ ಬಂದರೆ ಮಾತ್ರ ಹೊಸ ನರಕೋಶಗಳು ತಯಾರಾಗುತ್ತವೆ, ಕಾಲೇ ಇಲ್ಲದಿದ್ದರೆ ಅವು ತಯಾರಾಗುವುದೇ ಇಲ್ಲ ಎಂದು ಹ್ಯಾಂಬರ್ಗರ್ ಯೋಚಿಸಿದರು. 1934ರಲ್ಲಿ ಇದನ್ನು ಪ್ರಕಟಿಸಿದರು. ಯಾರೂ ಒಪ್ಪುವಂಥ ವಿವರಣೆಯೇ ಅದು.

ಅಪ್ಪನನ್ನು ಒಪ್ಪಿಸಿದ ಹುಡುಗಿ

ರೀಟಾ ಹುಟ್ಟಿದ್ದು 1909ರ ಏಪ್ರಿಲ್ 22ರಂದು, ಇಟಲಿಯ ಟ್ಯೂರಿನ್ ನಗರದಲ್ಲಿ. ಅವಳಿ ತಂಗಿ ಪಾವೊಲಾ ಮುಂದೆ ಚಿತ್ರಕಲಾವಿದೆಯಾದರು. ತಂದೆ ಎಂಜಿನಿಯರ್. ಒಳ್ಳೆಯ ಮನುಷ್ಯ, ಆದರೆ ಹೆಣ್ಣುಮಕ್ಕಳು ಹೆಚ್ಚು ಓದಿ ಕೆಲಸಕ್ಕೆ ಹೋದರೆ ಸಂಸಾರ ನೋಡಿಕೊಳ್ಳಲು ಆಗದು ಎಂದು ನಂಬಿದ್ದವರು. ಹಾಗಾಗಿ ವಿಶ್ವವಿದ್ಯಾಲಯಕ್ಕೆ ಹೋಗಲು ಬೇಕಾದ ಪಾಠಗಳನ್ನು ರೀಟಾ ಶಾಲೆಯಲ್ಲಿ ಕಲಿಯಲೇ ಇಲ್ಲ. 20ನೆಯ ವಯಸ್ಸಿನಲ್ಲಿ ಅವರು ಅಪ್ಪನ ಎದುರು ನಿಂತು, ನಾನು ಡಾಕ್ಟರ್ ಓದುತ್ತೇನೆ ಎಂದರು. ಅಪ್ಪ ಒಪ್ಪಿದರು. ಲ್ಯಾಟಿನ್, ಗ್ರೀಕ್, ಗಣಿತ ಎಲ್ಲವನ್ನೂ ಎಂಟೇ ತಿಂಗಳಲ್ಲಿ ಓದಿ ಪರೀಕ್ಷೆ ಮುಗಿಸಿದ ರೀಟಾ ಟ್ಯೂರಿನ್ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗಕ್ಕೆ ಸೇರಿದರು.

ಅಲ್ಲಿ ಜೂಸೆಪ್ಪೆ ಲೆವಿ ಎಂಬ ಪ್ರಾಧ್ಯಾಪಕರು ಅವರಿಗೆ ಗುರುಗಳಾದರು. (ಹೆಸರು ಒಂದೇ ಆದರೂ ನೆಂಟರಲ್ಲ.) ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ತಿಳಿಯುವ ವಿದ್ಯೆಯಲ್ಲಿ ಅವರು ದೊಡ್ಡವರು. ನರಕೋಶಗಳು ಬಣ್ಣವಿಲ್ಲದ ವಸ್ತುಗಳು, ಹಾಗೆಯೇ ನೋಡಿದರೆ ಏನೂ ಕಾಣದು. ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿದರೆ ಅವು ಕಪ್ಪಾಗಿ, ಒಂದೊಂದು ತಂತುವೂ ಪೆನ್ನಿನಲ್ಲಿ ಗೆರೆ ಎಳೆದ ಹಾಗೆ ಕಾಣುತ್ತದೆ. ಈ ಕೈಚಳಕವನ್ನು ರೀಟಾ ಲೆವಿಯವರ ಬಳಿ ಕಲಿತರು. ಅದೇ ಗುರುವಿನ ಶಿಷ್ಯರಲ್ಲಿ ಮೂವರಿಗೆ ಮುಂದೆ ನೊಬೆಲ್ ಪ್ರಶಸ್ತಿ ಬಂತು ಎಂದರೆ ಆ ಪ್ರಯೋಗಾಲಯ ಹೇಗಿದ್ದಿರಬಹುದು, ಯೋಚಿಸಿ!

1936ರಲ್ಲಿ ರೀಟಾ ವೈದ್ಯ ಪದವಿ ಪಡೆದರು. ಎರಡೇ ವರ್ಷಕ್ಕೆ ಎಲ್ಲವೂ ಬದಲಾಯಿತು. ಆಗ ಇಟಲಿಯನ್ನು ಆಳುತ್ತಿದ್ದವನು ಮುಸೊಲಿನಿ ಎಂಬ ಸರ್ವಾಧಿಕಾರಿ. 1938ರಲ್ಲಿ ಅವನ ಸರ್ಕಾರ ಯಹೂದಿ ಜನರ ವಿರುದ್ಧ ಕಾನೂನುಗಳನ್ನು ತಂದಿತು. ಯಹೂದಿಗಳು ವಿಶ್ವವಿದ್ಯಾಲಯಗಳಲ್ಲಿ ಕೆಲಸ ಮಾಡುವಂತಿಲ್ಲ ಎಂದಿತು. ರೀಟಾ ಯಹೂದಿ ಮನೆತನದವರು, ಲೆವಿಯವರೂ ಅಷ್ಟೇ. ಇಬ್ಬರೂ ಕೆಲಸ ಕಳೆದುಕೊಂಡರು. ಅವರು ಮಾಡಿದ ತಪ್ಪು ಏನೂ ಇರಲಿಲ್ಲ, ಆ ಮನೆಯಲ್ಲಿ ಹುಟ್ಟಿದ್ದೇ ತಪ್ಪು! ರೀಟಾ ಸ್ವಲ್ಪ ಕಾಲ ಬೆಲ್ಜಿಯಂ ದೇಶಕ್ಕೆ ಹೋಗಿ ಕೆಲಸ ಮಾಡಿದರು. ಜರ್ಮನಿಯ ಸೈನ್ಯ ಆ ದೇಶದ ಮೇಲೆ ಬೀಳುವ ಸ್ವಲ್ಪ ಮೊದಲು ಟ್ಯೂರಿನ್ನಿಗೆ ಮರಳಿದರು.

ಹೊಲಿಗೆ ಸೂಜಿಯೇ ಚಾಕು

1940ರ ಬೇಸಿಗೆಯಲ್ಲಿ ರೈಲಿನಲ್ಲಿ ಹೋಗುತ್ತ ರೀಟಾ ಹ್ಯಾಂಬರ್ಗರ್ ಅವರ ಪ್ರಬಂಧವನ್ನು ಓದಿದರು. ಅದು ದನ ಸಾಗಿಸುವ ಡಬ್ಬಿ, ಕೂರಲು ಆಸನವೂ ಇಲ್ಲ. ನೆಲದ ಮೇಲೆ ಕೂತು ಓದಿದ ಆ ಪುಟಗಳು ಅವರ ತಲೆ ಹೊಕ್ಕವು. ಈ ಪ್ರಯೋಗಕ್ಕೆ ಬೇಕಾದದ್ದು ಮೊಟ್ಟೆ, ಕಾವು, ಸೂಕ್ಷ್ಮದರ್ಶಕ, ಜತೆಗೆ ಸ್ಥಿರವಾದ ಕೈ. ಇದನ್ನು ಮನೆಯಲ್ಲೇ ಏಕೆ ಮಾಡಬಾರದು ಎಂದುಕೊಂಡರು.

ಅವರ ಮಲಗುವ ಕೋಣೆ ಪ್ರಯೋಗಾಲಯವಾಯಿತು. ಅಣ್ಣ ಒಂದು ಪುಟ್ಟ ಕಾವುಪೆಟ್ಟಿಗೆಯನ್ನು ಮಾಡಿಕೊಟ್ಟರು. ಹೊಲಿಗೆ ಸೂಜಿಗಳನ್ನು ಕಲ್ಲಿನ ಮೇಲೆ ಮಸೆದು ಚಾಕುಗಳನ್ನಾಗಿ ಮಾಡಿಕೊಂಡರು. ಗಡಿಯಾರ ರಿಪೇರಿಯವರ ಚಿಮಟವೂ ಕಣ್ಣಿನ ವೈದ್ಯರ ಸಣ್ಣ ಕತ್ತರಿಯೂ ಬಂದವು. ಮೂರು ದಿನದ ಭ್ರೂಣದ ಕಾಲಿನ ಮೊಗ್ಗು ಎಷ್ಟು ಸಣ್ಣದೆಂದರೆ ದೊಡ್ಡ ಚಾಕು ಅಲ್ಲಿ ಕೊಡಲಿಯಂತಾಗುತ್ತದೆ. ಕೆಲಸ ಕಳೆದುಕೊಂಡ ಗುರು ಲೆವಿಯವರೂ ಸ್ವಲ್ಪ ದಿನಕ್ಕೆ ಅದೇ ಕೋಣೆಗೆ ಬಂದು ಸೇರಿದರು. ಈಗ ಗುರುವೇ ಶಿಷ್ಯೆಯ ಸಹಾಯಕ!

ಹೊರಗೆ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ವಿಮಾನಗಳು ಬಂದು ಬಾಂಬ್ ಹಾಕುತ್ತಿದ್ದವು. ಸೈರನ್ ಕೂಗಿದರೆ ರೀಟಾ ಸೂಕ್ಷ್ಮದರ್ಶಕವನ್ನೂ ಗಾಜಿನ ಪಟ್ಟಿಗಳನ್ನೂ ಎತ್ತಿಕೊಂಡು ನೆಲಮಾಳಿಗೆಗೆ ಇಳಿಯುತ್ತಿದ್ದರು. ದಾಳಿ ಜೋರಾದಾಗ ಮನೆಯವರೆಲ್ಲ ಹಳ್ಳಿಗೆ ಹೋದರು. ಅಲ್ಲೂ ಒಂದು ಮೂಲೆಯಲ್ಲಿ ಪ್ರಯೋಗಾಲಯ ಎದ್ದಿತು. ಯುದ್ಧಕಾಲದಲ್ಲಿ ಮೊಟ್ಟೆ ಸಿಗುವುದೇ ಕಷ್ಟ. ರೀಟಾ ಸೈಕಲ್ ತುಳಿದು ರೈತರ ಮನೆಮನೆಗೆ ಹೋಗಿ, ನನ್ನ ಮಕ್ಕಳಿಗೆ ಬೇಕು ಎಂದು ಹೇಳಿ ಮೊಟ್ಟೆ ಕೇಳುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ! ಹುಂಜ ಇರುವ ಮನೆಯ ಮೊಟ್ಟೆಯೇ ಬೇಕಿತ್ತು, ಇಲ್ಲದಿದ್ದರೆ ಅದರಲ್ಲಿ ಭ್ರೂಣ ಬೆಳೆಯುವುದಿಲ್ಲ ಎಂದು ನಿಮಗೆ ಬೇರೆ ಹೇಳಬೇಕಾಗಿಲ್ಲ. ಭ್ರೂಣ ತೆಗೆದ ಮೇಲೆ ಉಳಿದದ್ದು ಮನೆಯ ಅಡಿಗೆಗೆ ಹೋಗುತ್ತಿತ್ತು.

ಈಗ ಮುಖ್ಯ ವಿಷಯ. ರೀಟಾ ಮೊಗ್ಗು ಕತ್ತರಿಸಿದ ಭ್ರೂಣಗಳನ್ನು ಕೊನೆಯಲ್ಲಿ ಒಮ್ಮೆ ಮಾತ್ರ ನೋಡಲಿಲ್ಲ. ಇವತ್ತು ಒಂದು ಮೊಟ್ಟೆ, ನಾಳೆ ಇನ್ನೊಂದು, ನಾಡಿದ್ದು ಮತ್ತೊಂದು, ಹೀಗೆ ಬೆಳವಣಿಗೆಯ ಬೇರೆ ಬೇರೆ ದಿನಗಳ ಭ್ರೂಣಗಳನ್ನು ತೆಗೆದು, ತೆಳ್ಳಗೆ ಕೊಯ್ದು, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಒಂದರ ಪಕ್ಕ ಒಂದು ಇಟ್ಟು ನೋಡಿದರು. ನಿಮ್ಮ ಶಾಲೆಯ ಗಿಡವನ್ನು ವರ್ಷಕ್ಕೊಮ್ಮೆ ನೋಡುವುದಕ್ಕೂ ದಿನವೂ ನೋಡುವುದಕ್ಕೂ ಇರುವ ವ್ಯತ್ಯಾಸ ಇದು. ದಿನವೂ ನೋಡಿದಾಗ ಬೇರೆಯೇ ಸಂಗತಿ ಕಂಡಿತು. ಕಾಲು ಇಲ್ಲದ ಪಕ್ಕದಲ್ಲೂ ನರಕೋಶಗಳು ಹುಟ್ಟುತ್ತಿದ್ದವು. ಅವು ಚೆನ್ನಾಗಿಯೇ ಬೆಳೆದು ತಂತುಗಳನ್ನು ಚಾಚುತ್ತಿದ್ದವು. ಕಾಲು ಇರಬೇಕಾದ ಜಾಗದ ಕಡೆಗೆ ಹೊರಡುತ್ತಿದ್ದವು. ಆಮೇಲೆ ಸಾಯುತ್ತಿದ್ದವು.

ನರಕೋಶಗಳು ಹುಟ್ಟಲಿಲ್ಲ ಎಂಬುದಲ್ಲ, ಹುಟ್ಟಿ ಸತ್ತವು. ಎರಡರಲ್ಲೂ ಕೊನೆಗೆ ಉಳಿಯುವ ಲೆಕ್ಕ ಒಂದೇ, ಆದರೆ ಕಾರಣ ಪೂರ್ತಿ ಬೇರೆ. ಕಾಲು ನರಕೋಶಗಳನ್ನು ಹುಟ್ಟಿಸುವುದಿಲ್ಲ, ಬಂದ ನರಕೋಶಗಳನ್ನು ಬದುಕಿಸುತ್ತದೆ. ಬದುಕಿಸುವಂಥದ್ದು ಏನನ್ನೋ ಅದು ಕೊಡುತ್ತಿರಬೇಕು.

ಯಹೂದಿಗಳ ಲೇಖನವನ್ನು ಇಟಲಿಯ ಪತ್ರಿಕೆಗಳು ಅಚ್ಚು ಹಾಕುವಂತಿರಲಿಲ್ಲ. ರೀಟಾ ಮತ್ತು ಲೆವಿ ಅದನ್ನು ಬೆಲ್ಜಿಯಂನ ಪತ್ರಿಕೆಗೆ ಕಳಿಸಿದರು. 1942ರಲ್ಲಿ ಅದು ಪ್ರಕಟವಾಯಿತು. ಮರುವರ್ಷ ಜರ್ಮನ್ ಸೈನ್ಯ ಇಟಲಿಯನ್ನೂ ಹೊಕ್ಕಿತು. ಸಿಕ್ಕಿಬಿದ್ದ ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸುತ್ತಿದ್ದ ಕಾಲ ಅದು. ರೀಟಾ ಮನೆಯವರೊಂದಿಗೆ ಫ್ಲಾರೆನ್ಸ್ ನಗರಕ್ಕೆ ಓಡಿಹೋಗಿ ಗುಟ್ಟಾಗಿ ಬದುಕಿದರು. ಆ ನಗರಕ್ಕೆ ಬಿಡುಗಡೆಯಾದ ಮೇಲೆ ನಿರಾಶ್ರಿತರ ಶಿಬಿರದಲ್ಲಿ ವೈದ್ಯರಾಗಿ ದುಡಿದರು. ಅಲ್ಲಿ ಟೈಫಾಯ್ಡ್‌ನಿಂದ ಜನ ಸಾಯುತ್ತಿದ್ದರು.

ಕೈಚೀಲದಲ್ಲಿ ಎರಡು ಇಲಿ

ಯುದ್ಧ ಮುಗಿಯಿತು. ಬೆಲ್ಜಿಯಂನ ಪತ್ರಿಕೆ ಹೇಗೋ ಅಮೆರಿಕಕ್ಕೆ ತಲುಪಿ ಹ್ಯಾಂಬರ್ಗರ್ ಅವರ ಕೈಗೆ ಬಂತು. ತಮ್ಮ ವಿವರಣೆಯನ್ನು ತಪ್ಪು ಎಂದವರ ಮೇಲೆ ಅವರು ಸಿಟ್ಟಾಗಲಿಲ್ಲ. ಬನ್ನಿ, ಇಬ್ಬರೂ ಸೇರಿ ನೋಡೋಣ ಎಂದು ರೀಟಾ ಅವರನ್ನು ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಕರೆದರು. ಒಂದು ವರ್ಷದ ಮಟ್ಟಿಗೆ ಎಂದು 1947ರಲ್ಲಿ ಹೋದ ರೀಟಾ ಅಲ್ಲಿ 30 ವರ್ಷ ಇದ್ದರು! ಇಬ್ಬರೂ ಕೂಡಿ ಪ್ರಯೋಗವನ್ನು ಮತ್ತೆ ಮಾಡಿದಾಗ ರೀಟಾ ಹೇಳಿದ್ದೇ ಸರಿ ಎಂದು ಗೊತ್ತಾಯಿತು. ಅಷ್ಟೇ ಅಲ್ಲ, ಏನೂ ಕತ್ತರಿಸದ ಆರೋಗ್ಯವಂತ ಭ್ರೂಣದಲ್ಲೂ ಅನೇಕ ನರಕೋಶಗಳು ತಾವಾಗಿಯೇ ಸಾಯುತ್ತವೆ ಎಂದು ತಿಳಿಯಿತು. ದೇಹದ ಕೆಲವು ಭಾಗಗಳಲ್ಲಿ ಹುಟ್ಟಿದ ನರಕೋಶಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೀಗೆ ಹೋಗುತ್ತವೆ.

ರಾಗಿ ಹೊಲವನ್ನು ನೆನಪಿಸಿಕೊಳ್ಳಿ. ಬೀಜ ಒತ್ತಾಗಿ ಬಿದ್ದ ಕಡೆ ಪೈರು ದಟ್ಟವಾಗಿ ಏಳುತ್ತದೆ. ಆಮೇಲೆ ಕುಂಟೆ ಹೊಡೆದು ಅದನ್ನು ತೆಳುಮಾಡುತ್ತಾರೆ. ದೇಹವೂ ಹಾಗೆ, ಮೊದಲು ಬೇಕಾದದ್ದಕ್ಕಿಂತ ಹೆಚ್ಚು ನರಕೋಶಗಳನ್ನು ಹುಟ್ಟಿಸುತ್ತದೆ. ಆದರೆ ದೇಹದೊಳಗೆ ಕುಂಟೆ ಹೊಡೆಯುವ ರೈತ ಯಾರೂ ಇಲ್ಲ. ಕಾಲಿನಿಂದ ಬರುವ ಆ ಬದುಕಿಸುವ ವಸ್ತು ಸ್ವಲ್ಪವೇ ಇರುತ್ತದೆ. ಅದು ಸಿಕ್ಕ ನರಕೋಶ ಉಳಿಯುತ್ತದೆ, ಸಿಗದ್ದು ಸಾಯುತ್ತದೆ. ಹೀಗೆ ಕಾಲಿಗೂ ನರಕೋಶಗಳಿಗೂ ಲೆಕ್ಕ ತಾನಾಗಿ ಸರಿಹೊಂದುತ್ತದೆ. ಭ್ರೂಣಕ್ಕೆ ಇನ್ನೊಂದು ಕಾಲಿನ ಮೊಗ್ಗನ್ನು ಹೆಚ್ಚಾಗಿ ಅಂಟಿಸಿದರೆ ಆ ಪಕ್ಕದಲ್ಲಿ ಹೆಚ್ಚು ನರಕೋಶಗಳು ಉಳಿಯುತ್ತವೆ!

ಹಾಗಾದರೆ ಆ ವಸ್ತು ಯಾವುದು? ಸುಳಿವು ಸಿಕ್ಕಿದ್ದು ಯಾರೂ ಎಣಿಸದ ಕಡೆ. ಇಲಿಯ ಮೈಯಲ್ಲಿ ಬೆಳೆದ ಒಂದು ಬಗೆಯ ಕ್ಯಾನ್ಸರ್ ಗಡ್ಡೆಯ ಚೂರನ್ನು ಕೋಳಿಯ ಭ್ರೂಣಕ್ಕೆ ಅಂಟಿಸಿದಾಗ ನರತಂತುಗಳು ಹುಚ್ಚು ಹಿಡಿದಂತೆ ಅದರೊಳಗೆ ನುಗ್ಗಿದ್ದವು. ಇದನ್ನು ಮೊದಲು ಗಮನಿಸಿದವರು ಹ್ಯಾಂಬರ್ಗರ್ ಅವರ ಶಿಷ್ಯ ಎಲ್ಮರ್ ಬ್ಯೂಕರ್. ರೀಟಾ ಇನ್ನೊಂದು ಹೆಜ್ಜೆ ಮುಂದೆ ಹೋದರು. ಗಡ್ಡೆ ಭ್ರೂಣಕ್ಕೆ ತಗುಲದಂತೆ ಅದನ್ನು ಚಿಪ್ಪಿನ ಒಳಗಿನ ಪೊರೆಯ ಮೇಲೆ ಇಟ್ಟರು. ಆಗಲೂ ನರಗಳು ವಿಪರೀತ ಬೆಳೆದವು. ಅಂದರೆ ಗಡ್ಡೆಯಿಂದ ಯಾವುದೋ ವಸ್ತು ಒಸರಿ, ರಕ್ತದಲ್ಲಿ ಬೆರೆತು, ದೂರದ ನರಕೋಶಗಳಿಗೆ ತಲುಪುತ್ತಿದೆ!

ಮೊಟ್ಟೆಯಲ್ಲಿ ಒಂದೊಂದು ಪರೀಕ್ಷೆಗೂ ವಾರಗಟ್ಟಲೆ ಬೇಕು. ಗಾಜಿನ ತಟ್ಟೆಯಲ್ಲಿ ನರಗಂಟನ್ನು ಜೀವಂತ ಇಟ್ಟು ಪರೀಕ್ಷಿಸಿದರೆ ಬೇಗ ಆಗುತ್ತದೆ. ಆ ಅನುಕೂಲ ಬ್ರೆಜಿಲ್ ದೇಶದ ರಿಯೊ ಡಿ ಜನೈರೊದಲ್ಲಿ ಗೆಳತಿ ಹೆರ್ಟಾ ಮೇಯರ್ ಅವರ ಪ್ರಯೋಗಾಲಯದಲ್ಲಿತ್ತು. 1952ರಲ್ಲಿ ರೀಟಾ ವಿಮಾನ ಹತ್ತಿದರು. ಅವರ ಕೈಚೀಲದಲ್ಲಿ ಗಡ್ಡೆ ಬೆಳೆದಿದ್ದ ಎರಡು ಇಲಿಗಳಿದ್ದವು! ರಿಯೊದಲ್ಲಿ ನರಗಂಟಿನ ಹತ್ತಿರ ಗಡ್ಡೆಯ ಚೂರನ್ನು, ತಗುಲದಂತೆ ಇಟ್ಟರು. ಒಂದೇ ದಿನದಲ್ಲಿ ಗಂಟಿನ ಸುತ್ತ ನರತಂತುಗಳು ಎಲ್ಲ ದಿಕ್ಕಿಗೂ ಚಿಮ್ಮಿದವು, ಮಕ್ಕಳು ಬರೆಯುವ ಸೂರ್ಯನ ಚಿತ್ರದ ಕಿರಣಗಳ ಹಾಗೆ. ರೀಟಾ ಅದರ ಚಿತ್ರ ಬರೆದು ಹ್ಯಾಂಬರ್ಗರ್ ಅವರಿಗೆ ಅಂಚೆಯಲ್ಲಿ ಕಳಿಸಿದರು.

ಹಾವಿನ ವಿಷದಿಂದ ಇಲಿಯ ಜೊಲ್ಲಿಗೆ

1953ರಲ್ಲಿ ಸೇಂಟ್ ಲೂಯಿಸ್‌ನ ತಂಡಕ್ಕೆ ಸ್ಟ್ಯಾನ್ಲಿ ಕೋಹೆನ್ ಎಂಬ ರಸಾಯನ ವಿಜ್ಞಾನಿ ಸೇರಿದರು. ಆ ವಸ್ತುವನ್ನು ಬೇರ್ಪಡಿಸುವುದು ಅವರ ಕೆಲಸ. ಅದು ಪ್ರೋಟೀನೋ ಬೇರೆ ಏನೋ ಎಂದು ತಿಳಿಯಲು ಅವರು ಅದಕ್ಕೆ ಸ್ವಲ್ಪ ಹಾವಿನ ವಿಷ ಬೆರೆಸಿದರು. ಕೆಲವು ವಸ್ತುಗಳನ್ನು ಒಡೆದು ಹಾಕುವ ಗುಣ ವಿಷಕ್ಕಿದೆ. ವಸ್ತು ನಾಶವಾದರೆ ನರತಂತು ಬೆಳೆಯಬಾರದು ತಾನೇ? ಆದರೆ ತಂತುಗಳು ಮೊದಲಿಗಿಂತ ಬಹಳ ಹೆಚ್ಚು ಬೆಳೆದವು. ತಲೆ ಕೆಡಿಸಿಕೊಂಡು ಹುಡುಕಿದಾಗ ಗೊತ್ತಾಯಿತು, ಹಾವಿನ ವಿಷದಲ್ಲೇ ಆ ವಸ್ತು ಗಡ್ಡೆಯಲ್ಲಿ ಇರುವುದಕ್ಕಿಂತ ಎಷ್ಟೋ ಹೆಚ್ಚು ಇತ್ತು!

ಕೋಹೆನ್ ಇನ್ನೂ ಮುಂದಕ್ಕೆ ಯೋಚಿಸಿದರು. ಹಾವಿನ ವಿಷದ ಗ್ರಂಥಿ ನಮ್ಮ ಬಾಯಿಯ ಜೊಲ್ಲುಗ್ರಂಥಿಯ ಜಾತಿಯದೇ. ಹಾಗಾದರೆ ಇಲಿಯ ಜೊಲ್ಲುಗ್ರಂಥಿಯಲ್ಲಿ? ಹುಡುಕಿದರು, ಅಲ್ಲೂ ಸಿಕ್ಕಿತು, ಅದೂ ಗಂಡಿಲಿಯಲ್ಲಿ ಧಾರಾಳವಾಗಿ. ಹೀಗೆ ದೊರೆತ ಪ್ರೋಟೀನಿಗೆ ‘ನರ ಬೆಳವಣಿಗೆಯ ಅಂಶ’ ಎಂಬ ಅರ್ಥದ ಹೆಸರಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ಚಿಕ್ಕದಾಗಿ ಎನ್‌ಜಿಎಫ್ ಎನ್ನುತ್ತಾರೆ.

ಆಗ ತಾನೇ ಹುಟ್ಟಿದ ಇಲಿಮರಿಗಳಿಗೆ ಈ ಪ್ರೋಟೀನನ್ನು ತಡೆಯುವ ಔಷಧ ಚುಚ್ಚಿ ನೋಡಿದರು. ಹೆದರಿದಾಗ ಎದೆ ಡವಡವ ಹೊಡೆಯುವಂತೆ ಮಾಡುವ ನರಗಳಿವೆಯಲ್ಲ, ಆ ನರಗಂಟುಗಳು ಬಹುತೇಕ ಮಾಯವಾಗಿದ್ದವು. ಈ ಪ್ರೋಟೀನ್ ಇಲ್ಲದಿದ್ದರೆ ಆ ಕೋಶಗಳು ಬದುಕುವುದಿಲ್ಲ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ಕೋಹೆನ್ ಅದೇ ಜೊಲ್ಲುಗ್ರಂಥಿಯಲ್ಲಿ ಇನ್ನೊಂದು ಪ್ರೋಟೀನನ್ನೂ ಕಂಡುಹಿಡಿದರು. ಅದನ್ನು ಕೊಟ್ಟ ಇಲಿಮರಿಗಳು ಉಳಿದವಕ್ಕಿಂತ ಬೇಗ ಕಣ್ಣು ತೆರೆಯುತ್ತಿದ್ದವು. 1986ರಲ್ಲಿ ರೀಟಾ ಮತ್ತು ಕೋಹೆನ್ ಇಬ್ಬರಿಗೂ ವೈದ್ಯಕೀಯ ವಿಭಾಗದ ನೊಬೆಲ್ ಪ್ರಶಸ್ತಿ ಬಂತು. ಹ್ಯಾಂಬರ್ಗರ್ ಅವರ ಹೆಸರೂ ಅದರಲ್ಲಿ ಇರಬೇಕಿತ್ತು ಎಂದು ಆಗ ಹಲವರು ಹೇಳಿದರು. ನನಗೂ ಹಾಗೇ ಅನ್ನಿಸುತ್ತದೆ.

ಮೆದುಳಿನ ಮಾತು ಏನು ಎಂದು ನೀವು ಕೇಳಬಹುದು. ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ.  1982ರಲ್ಲಿ ಜರ್ಮನಿಯಲ್ಲಿ ಈವ್ ಬಾರ್ಡ್, ಹ್ಯಾನ್ಸ್ ತೋನೆನ್ ಮತ್ತು ಸಂಗಡಿಗರು ಹಂದಿಯ ಮೆದುಳಿನಿಂದ ಇಂಥದೇ ಇನ್ನೊಂದು ಪ್ರೋಟೀನನ್ನು ಬೇರ್ಪಡಿಸಿದರು. ನರಕೋಶಗಳನ್ನು ಬದುಕಿಸುವ ವಸ್ತು ಒಂದಲ್ಲ, ಒಂದು ಕುಟುಂಬವೇ ಇದೆ ಎಂದು ಆಮೇಲೆ ತಿಳಿಯಿತು. ಒಂದೊಂದು ಬಗೆಯ ನರಕೋಶಕ್ಕೆ ಒಂದೊಂದು ಬೇಕು. ಮುಪ್ಪಿನಲ್ಲಿ ಮರೆವು ತರುವ ಕಾಯಿಲೆಗಳಲ್ಲಿ ಸಾಯುವ ನರಕೋಶಗಳನ್ನು ಇವುಗಳಿಂದ ಉಳಿಸಬಹುದೇ ಎಂದು ವಿಜ್ಞಾನಿಗಳು ಬಹಳ ಪ್ರಯತ್ನಪಟ್ಟಿದ್ದಾರೆ. ಅದು ಇನ್ನೂ ಕೈಗೂಡಿಲ್ಲ. ಪ್ರೋಟೀನನ್ನು ಮೆದುಳಿನ ಒಳಗೆ ತಲುಪಿಸುವುದೇ ದೊಡ್ಡ ತೊಡಕು. ಆದರೆ ಕಣ್ಣಿಗೆ ತಲುಪಿಸುವುದು ಸುಲಭ. ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರದ ನರಗಳು ಹಾಳಾಗಿ, ಅಲ್ಲಿ ಹುಣ್ಣಾಗಿ, ದೃಷ್ಟಿ ಹೋಗುವ ಒಂದು ಅಪರೂಪದ ಕಾಯಿಲೆ ಇದೆ. ರೀಟಾ ಕಂಡುಹಿಡಿದ ಪ್ರೋಟೀನನ್ನೇ ಬ್ಯಾಕ್ಟೀರಿಯಾಗಳಿಂದ ತಯಾರಿಸಿ ಮಾಡಿದ ಕಣ್ಣಿನ ಹನಿಗೆ ಯುರೋಪಿನಲ್ಲಿ 2017ರಲ್ಲಿ, ಅಮೆರಿಕದಲ್ಲಿ 2018ರಲ್ಲಿ ಅನುಮತಿ ಸಿಕ್ಕಿತು.

ಅದನ್ನು ನೋಡಲು ರೀಟಾ ಇರಲಿಲ್ಲ. 2012ರ ಡಿಸೆಂಬರ್ 30ರಂದು, ತಮ್ಮ 103ನೆಯ ವಯಸ್ಸಿನಲ್ಲಿ ಅವರು ರೋಮ್ ನಗರದಲ್ಲಿ ತೀರಿಕೊಂಡರು. ನೂರು ವರ್ಷ ತುಂಬಿದ ಮೊದಲ ನೊಬೆಲ್ ವಿಜೇತರು ಅವರೇ. ಒಮ್ಮೆ ಅವರನ್ನು ಹೊರಗೆ ಹಾಕಿದ್ದ ಇಟಲಿ ದೇಶ 2001ರಲ್ಲಿ ಅವರನ್ನು ಜೀವಮಾನವಿಡೀ ಸೆನೆಟ್ ಸದಸ್ಯರನ್ನಾಗಿ ಮಾಡಿಕೊಂಡಿತ್ತು. ತಂಗಿ ಪಾವೊಲಾ ಜತೆ ಸೇರಿ ಅವರು ಕಟ್ಟಿದ ಸಂಸ್ಥೆ ಆಫ್ರಿಕಾದ ಹೆಣ್ಣುಮಕ್ಕಳ ಓದಿಗೆ ನೆರವಾಯಿತು.

ಇನ್ನು ಮುಂದೆ ಮನೆಯಲ್ಲಿ ಹೇಂಟೆ ಕಾವಿಗೆ ಕೂತರೆ, ಏಳನೆಯ ದಿನ ರಾತ್ರಿ ದೊಡ್ಡವರ ಜತೆ ಹೋಗಿ ಒಂದು ಮೊಟ್ಟೆಯನ್ನು ಮೆಲ್ಲಗೆ ಎತ್ತಿ, ಕತ್ತಲೆಯಲ್ಲಿ ಟಾರ್ಚಿನ ಬೆಳಕಿಗೆ ಹಿಡಿದು ನೋಡಿ. ಒಡೆಯಬೇಡಿ, ಹೆಚ್ಚು ಹೊತ್ತು ಹೊರಗೆ ಇಡಲೂಬೇಡಿ. ಜೇಡರ ಬಲೆಯ ಹಾಗೆ ಹರಡಿದ ಕೆಂಪು ರಕ್ತನಾಳಗಳು ಕಾಣುತ್ತವೆ, ಅವುಗಳ ನಡುವೆ ಕಣ್ಣಿನ ಕಪ್ಪು ಚುಕ್ಕೆ ಕಾಣುತ್ತದೆ, ಅದೃಷ್ಟವಿದ್ದರೆ ಭ್ರೂಣ ಅಲುಗುವುದೂ ಕಾಣಬಹುದು. ನರಕೋಶಗಳು ಮಾತ್ರ ಕಾಣುವುದಿಲ್ಲ. ಅವು ಆ ಹೊತ್ತಿಗೆ ಬೆನ್ನುಹುರಿಯಿಂದ ಹೊರಟು ಕಾಲನ್ನು ಮುಟ್ಟಿರುತ್ತವೆ. ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂಬುದು ಸರಿಯಾಗಿ ಆ ದಿನಗಳಲ್ಲೇ, ಆರರಿಂದ ಹತ್ತನೆಯ ದಿನದ ನಡುವೆ, ತೀರ್ಮಾನವಾಗುತ್ತಿರುತ್ತದೆ. ನೋಡಿ ಆದ ಮೇಲೆ ಮೊಟ್ಟೆಯನ್ನು ಹೇಂಟೆಯ ಕೆಳಗೆ ಮತ್ತೆ ಇಟ್ಟುಬಿಡಿ.